55ಕ್ಕೆ ಕೆಲಸ ಬಿಡಬಹುದಾ, 58ರ ತನಕ ಕಾಯಬೇಕಾ? 2.3 ಕೋಟಿ ಎಷ್ಟು ವರ್ಷ ಬರುತ್ತೆ?

ಉತ್ತರಹಳ್ಳಿ ಮೂರನೇ ಮಹಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ 55, ಮನೆಯವರಿಗೆ 52, ಅವರಿಗೆ ಸಂಬಳವಿಲ್ಲ. ಖಾಸಗಿ ಕಂಪನಿ, ನಿವೃತ್ತಿ ವಯಸ್ಸು 58. ಮಗಳದು ಇಂಜಿನಿಯರಿಂಗ್ ಕೊನೆಯ ವರ್ಷ. ಫ್ಲಾಟ್ ಸ್ವಂತದ್ದು, ಸಾಲ ತೀರಿದೆ.

ಕೈಲಿರೋದು: ಇಪಿಎಫ್ 78 ಲಕ್ಷ, ಪಿಪಿಎಫ್ 32 ಲಕ್ಷ, ಈಕ್ವಿಟಿ ಮ್ಯೂಚುವಲ್ ಫಂಡ್ 85 ಲಕ್ಷ, ಎಫ್‌ಡಿ 35 ಲಕ್ಷ. ಬಿಟ್ಟರೆ ಗ್ರಾಚ್ಯುಟಿ ಸುಮಾರು 14 ಲಕ್ಷ ಬರುತ್ತೆ. ನೆಲಮಂಗಲದ ಕಡೆ ಒಂದು ಸೈಟ್ ಇದೆ, 45 ಲಕ್ಷಕ್ಕೆ ಹೋಗಬಹುದು. ತಿಂಗಳ ಖರ್ಚು 70 ಸಾವಿರ. ಕೆಲಸದಲ್ಲಿದ್ದರೆ ಪಿಎಫ್ ಸೇರಿ ವರ್ಷಕ್ಕೆ 12 ಲಕ್ಷ ಉಳಿತಾಯ.

ಈಗಲೇ ಬಿಟ್ಟರೆ ನಡೆಯುತ್ತಾ? ಇನ್ನೊಂದು: ಬ್ಯಾಂಕಿನವರು "ಗ್ಯಾರಂಟಿ ಇನ್ಕಮ್" ಪ್ಲಾನ್ ತೋರಿಸುತ್ತಿದ್ದಾರೆ. ವರ್ಷಕ್ಕೆ 10 ಲಕ್ಷದಂತೆ 6 ವರ್ಷ ಕಟ್ಟಿದರೆ, ಆಮೇಲೆ 25 ವರ್ಷ ತಿಂಗಳಿಗೆ 40 ಸಾವಿರ, ಕೊನೆಗೆ ಕಟ್ಟಿದ 60 ಲಕ್ಷ ವಾಪಸ್. ಇದು ತಗೋಬಹುದಾ?

ಲೆಕ್ಕದ ಚೀಟಿ

ಸರ್, ನಿಮ್ಮ 70 ಸಾವಿರದ ಲೆಕ್ಕದಲ್ಲೇ ತೂತಿದೆ. ತಿಂಗಳ ಖರ್ಚು ಬರೆಯುವಾಗ ಎಲ್ಲರೂ ದಿನಸಿ, ಕರೆಂಟು, ಮೇಂಟೆನೆನ್ಸ್, ಪೆಟ್ರೋಲ್ ಬರೆಯುತ್ತಾರೆ. ವರ್ಷಕ್ಕೊಮ್ಮೆ, ಐದು ವರ್ಷಕ್ಕೊಮ್ಮೆ ಬರುವ ಖರ್ಚು ಬಿಟ್ಟುಹೋಗುತ್ತದೆ. ಸೇರಿಸಿ ನೋಡೋಣ.

ತಿಂಗಳಿಗೆ 70 ಸಾವಿರ ಅಂದರೆ ವರ್ಷಕ್ಕೆ 8.4 ಲಕ್ಷ. ಕಂಪನಿಯ ಆರೋಗ್ಯ ವಿಮೆ ಹೋದ ಮೇಲೆ ಸ್ವಂತ ಪ್ರೀಮಿಯಂ 80 ಸಾವಿರ ಇಟ್ಟುಕೊಳ್ಳಿ. ಹತ್ತು ವರ್ಷಕ್ಕೊಂದು ಕಾರು ಅಂದರೆ ವರ್ಷಕ್ಕೆ 1 ಲಕ್ಷ. ಮನೆಯೊಳಗಿನ ಪೇಂಟ್, ಫ್ರಿಡ್ಜ್, ವಾಷಿಂಗ್ ಮೆಷಿನ್, ಜೊತೆಗೆ ಅಪಾರ್ಟ್‌ಮೆಂಟಿನವರು ಲಿಫ್ಟ್ ಬದಲಿಸಿದಾಗ, ಬೋರ್‌ವೆಲ್ ಬತ್ತಿದಾಗ ಕೇಳುವ ವಿಶೇಷ ವಂತಿಗೆ ಸೇರಿ 60 ಸಾವಿರ. ಮನೆ ಕಂದಾಯ, ಗಾಡಿ ವಿಮೆ ಇತ್ಯಾದಿ 40 ಸಾವಿರ. ಊರಿಗೆ ಹೋಗಿಬರುವುದು, ಮದುವೆ-ಮುಂಜಿಯ ಮುಯ್ಯಿ, ಒಂದು ಪ್ರವಾಸ ಅಂತ 80 ಸಾವಿರ. ಒಟ್ಟು 12 ಲಕ್ಷ. ನಿಮ್ಮ ನಿಜವಾದ ಖರ್ಚು ತಿಂಗಳಿಗೆ 1 ಲಕ್ಷ. ಅನುಮಾನವಿದ್ದರೆ ಕಳೆದ 24 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಹೂಡಿಕೆಗೆ ಹೋದ ದುಡ್ಡನ್ನು ಕಳೆದು, ಉಳಿದದ್ದನ್ನು ಎರಡರಿಂದ ಭಾಗಿಸಿ.

ಈಗ ಗಂಟು. ಗ್ರಾಚ್ಯುಟಿ ಸೇರಿ 244 ಲಕ್ಷ. ಅದರಲ್ಲಿ 35 ಲಕ್ಷದ ಎಫ್‌ಡಿಯನ್ನು ಮರೆತುಬಿಡಿ: 25 ಲಕ್ಷ ಮಗಳ ಮುಂದಿನ ಓದಿಗೋ ಮದುವೆಗೋ, 10 ಲಕ್ಷ ಆಸ್ಪತ್ರೆಗೆ. ಜೀವನಕ್ಕೆ ಉಳಿಯುವುದು 209 ಲಕ್ಷ. ಅದರಿಂದ ವರ್ಷಕ್ಕೆ 12 ಲಕ್ಷ ತೆಗೆದರೆ ಶೇ. 5.7. ನಿಮ್ಮ ಮನೆಯವರಿಗೆ 90 ಆಗುವ ತನಕ ಅಂದರೆ 38 ವರ್ಷ. ದುಡ್ಡು ಬಾಳಬೇಕಾದದ್ದು ನಿಮ್ಮ ಆಯಸ್ಸಿನಷ್ಟಲ್ಲ, ಇಬ್ಬರಲ್ಲಿ ಚಿಕ್ಕವರ ಆಯಸ್ಸಿನಷ್ಟು.

ಎಲ್ಲೆಡೆ ಓದುವ "ಶೇ. 4ರ ನಿಯಮ" (ಮೊದಲ ವರ್ಷ ಗಂಟಿನ ಶೇ. 4 ತೆಗೆದು, ಆಮೇಲೆ ಬೆಲೆ ಏರಿಕೆಯಷ್ಟು ಹೆಚ್ಚಿಸುತ್ತಾ ಹೋಗುವುದು) 1994ರಲ್ಲಿ ಅಮೆರಿಕದ ವಿಲಿಯಂ ಬೆಂಗೆನ್ ಅಲ್ಲಿನ ಷೇರು, ಬಾಂಡ್‌ಗಳ ಹಳೆಯ ಅಂಕಿ ಇಟ್ಟುಕೊಂಡು 30 ವರ್ಷಕ್ಕೆ ಮಾಡಿದ ಲೆಕ್ಕ. ನಮ್ಮ ಬೆಲೆ ಏರಿಕೆಗೆ, 38 ವರ್ಷಕ್ಕೆ, ಅದನ್ನು ಹಾಗೇ ಎತ್ತಿಡಲು ಬರುವುದಿಲ್ಲ. ಬೆಲೆ ಏರಿಕೆ ಶೇ. 6 ಅಂತ ಹಿಡಿದು ನೇರವಾಗಿ ಹಾಕಿದ್ದೇನೆ:

ಹೂಡಿಕೆ ಶೇ. 7.5 ದುಡಿದರೆ (ಬಹುಪಾಲು ಎಫ್‌ಡಿ, ಅಂಚೆ ಕಚೇರಿ ಅಂದುಕೊಳ್ಳಿ), 55ಕ್ಕೆ ಬಿಟ್ಟರೆ ದುಡ್ಡು 20 ವರ್ಷಕ್ಕೆ ಖಾಲಿ. ನಿಮಗೆ 75, ಅವರಿಗೆ 72.
ಅರ್ಧದಷ್ಟು ಈಕ್ವಿಟಿ ಇದ್ದು, ಬೆಲೆ ಏರಿಕೆಯ ಮೇಲೆ ಶೇ. 3 ಸಿಕ್ಕರೆ 25 ವರ್ಷ.

58ರ ತನಕ ದುಡಿದರೆ: ಇರುವ 209 ಲಕ್ಷ ಶೇ. 8ರಂತೆ ಬೆಳೆದು, ಮೂರು ವರ್ಷದ 12-12 ಲಕ್ಷ ಸೇರಿ ಸುಮಾರು 302 ಲಕ್ಷ. ಖರ್ಚೂ 12ರಿಂದ 14.3 ಲಕ್ಷಕ್ಕೆ ಏರಿರುತ್ತದೆ. ಆಗ ಮೊದಲ ಲೆಕ್ಕದಲ್ಲಿ 25 ವರ್ಷ, ಎರಡನೆಯದರಲ್ಲಿ 34 ವರ್ಷ. 34 ಅಂದರೆ ಮನೆಯವರಿಗೆ 89.

ಎಕ್ಸೆಲ್‌ನಲ್ಲಿ ನೀವೇ ಮಾಡಿ: ಎನ್‌ಪರ್ (NPER) ಫಾರ್ಮುಲಾಕ್ಕೆ ಬೆಲೆ ಏರಿಕೆ ಕಳೆದ ಬಡ್ಡಿ, ವರ್ಷದ ಖರ್ಚು, ಗಂಟನ್ನು ಮೈನಸ್ ಗುರುತಿನಲ್ಲಿ ಕೊಟ್ಟರೆ ವರ್ಷ ಬರುತ್ತದೆ. ಬಡ್ಡಿಯಲ್ಲಿ 6 ಕಳೆಯುವುದನ್ನು ಮರೆತರೆ 20 ವರ್ಷದ ಬದಲು ಎಂದೂ ಮುಗಿಯದ ದುಡ್ಡು ಕಾಣಿಸುತ್ತದೆ. ಬಹಳ ಜನ ಎಡವುವುದು ಅಲ್ಲೇ.

ನಿಧಾನಗತಿ

ಲೆಕ್ಕದ ಚೀಟಿಯವರ ಅಂಕಿ ಸರಿ, ಆದರೆ ತೀರ್ಪು ಸ್ವಲ್ಪ ಬಿಗಿಯಾಯ್ತು. 55ಕ್ಕೆ ಬಿಡಲೇಬೇಕು ಅನ್ನೋರಿಗೆ ಇನ್ನೆರಡು ದಾರಿ ಇದೆ. ವರ್ಷದ ಖರ್ಚು 12ರ ಬದಲು 10 ಲಕ್ಷಕ್ಕೆ ತಂದರೆ, ಅದೇ 209 ಲಕ್ಷ, ಅದೇ ಶೇ. 3ಕ್ಕೆ 25 ವರ್ಷ ಬರೋದು 33 ವರ್ಷ ಬರುತ್ತೆ. ಸೈಟ್ ಮಾರಿ 45 ಲಕ್ಷ ಸೇರಿಸಿದರೆ 34 ವರ್ಷ. ಅಂದರೆ ಮೂರು ವರ್ಷದ ದುಡಿಮೆ, ಒಂದು ಸೈಟು, ತಿಂಗಳಿಗೆ 17 ಸಾವಿರದ ಖರ್ಚು, ಮೂರೂ ಹೆಚ್ಚುಕಮ್ಮಿ ಒಂದೇ ತೂಕ. ಯಾವುದು ನಿಮಗೆ ಹಗುರವೋ ಅದನ್ನ ಎತ್ತಿಕೊಳ್ಳಿ. ಕಾರಿನ ಲಕ್ಷ, ಪ್ರವಾಸದ 80 ಸಾವಿರ ಬಿಟ್ಟರೆ ಹತ್ತಿರತ್ತಿರ ಅಲ್ಲಿಗೇ ಬಂತು. ಮೆಟ್ರೋ ಹತ್ತಿರ ಇರೋರಿಗೆ ಕಾರು ಬೇಕಾ ಅನ್ನೋದು ನಿಜಕ್ಕೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಒಂದು ಎಚ್ಚರ ಮಾತ್ರ: ಸೈಟ್ ಅನ್ನೋದು ಮಾರಿ ಕೈಗೆ ದುಡ್ಡು ಬರೋ ತನಕ ದುಡ್ಡಲ್ಲ. ಪಂಚಾಯ್ತಿ ವ್ಯಾಪ್ತಿಯಾದ್ರೆ ಇ-ಸ್ವತ್ತಿನಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9, 11 ಬಂದಿದೆಯಾ, 11ಎ-ನಾ 11ಬಿ-ನಾ, ಇವತ್ತೇ ನೋಡಿ. 11ಬಿ ಆದ್ರೆ ಕೊಳ್ಳೋರಿಗೆ ಬ್ಯಾಂಕ್ ಸಾಲ ಸಿಗೋದು ಕಷ್ಟ, ಬೆಲೆ ಕುಸಿಯುತ್ತೆ. 45 ಅಂದುಕೊಂಡಿದ್ದು 30 ಆಗಬಹುದು. ತೆರಿಗೆ ಬೇರೆ: ಲಾಭದ ಮೇಲೆ ಶೇ. 12.5. 2024ರ ಜುಲೈ 23ಕ್ಕಿಂತ ಮುಂಚೆ ಕೊಂಡಿದ್ದಾದರೆ ಇಂಡೆಕ್ಸೇಷನ್ (ಕೊಂಡ ಬೆಲೆಯನ್ನ ಬೆಲೆ ಏರಿಕೆಗೆ ತಕ್ಕಂತೆ ಏರಿಸೋದು) ಜೊತೆ ಶೇ. 20ರ ಲೆಕ್ಕವೂ ಹಾಕಿ, ಯಾವುದು ಕಮ್ಮಿಯೋ ಅದು.

ಮತ್ತೆ ಇಪಿಎಸ್ (ಪಿಎಫ್ ಜೊತೆಗೇ ಬರೋ ನೌಕರರ ಪಿಂಚಣಿ ಯೋಜನೆ) ಪಿಂಚಣಿ ನಂಬಿಕೊಂಡಿದ್ರೆ ಕೈಬಿಡಿ. ಸೂತ್ರ: ಪಿಂಚಣಿ ಸಂಬಳ ಗುಣಿಸು ಸೇವಾ ವರ್ಷ, ಭಾಗಿಸು 70. ಆ ಸಂಬಳಕ್ಕೆ 2014ರ ಆಗಸ್ಟ್ ತನಕ 6,500ರ ಮಿತಿ, ಆಮೇಲೆ 15,000. ಹೆಚ್ಚಿನ ಪಿಂಚಣಿಗೆ ಆಯ್ಕೆ ಕೊಡದೇ ಇದ್ದವರಿಗೆ 30 ವರ್ಷ ಸೇವೆ ಇದ್ದರೂ ತಿಂಗಳಿಗೆ ನಾಲ್ಕೈದು ಸಾವಿರ. ಹಾಲು, ತರಕಾರಿಗೆ ಆಯ್ತು. 58ಕ್ಕಿಂತ ಮುಂಚೆ ತಗೊಂಡ್ರೆ ವರ್ಷಕ್ಕೆ ಶೇ. 4ರಂತೆ ಕಡಿತ, ಅದೂ ಶಾಶ್ವತ.

ಪಾಲಿಸಿ ಓದಿ ಸಹಿ

ಹಣದ ಲೆಕ್ಕಕ್ಕಿಂತ ಮುಂಚೆ ನಿಮ್ಮ ತಾರೀಖು ನಿರ್ಧಾರ ಆಗಬೇಕಾದದ್ದು ಆರೋಗ್ಯ ವಿಮೆಯಿಂದ. ಕಂಪನಿಯ ಗುಂಪು ವಿಮೆ ಕೊನೆಯ ಕೆಲಸದ ದಿನವೇ ನಿಲ್ಲುತ್ತದೆ. ಸ್ವಂತ ಪಾಲಿಸಿಯಲ್ಲಿ ಮೊದಲೇ ಇದ್ದ ಬಿಪಿ, ಶುಗರ್, ಥೈರಾಯ್ಡ್ ಮುಂತಾದ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು. 55ಕ್ಕೆ ಪಾಲಿಸಿ ತೆಗೆದುಕೊಂಡರೆ ಆ 36 ತಿಂಗಳು ಕಂಪನಿಯ ವಿಮೆಯ ನೆರಳಿನಲ್ಲೇ ಕಳೆದು, 58ಕ್ಕೆ ಪೂರ್ತಿ ರಕ್ಷಣೆಯೊಂದಿಗೆ ಹೊರಗೆ ಬರುತ್ತೀರಿ. ಬಿಟ್ಟ ಮೇಲೆ ತೆಗೆದುಕೊಂಡರೆ ಆ ಮೂರು ವರ್ಷ ಆ ಕಾಯಿಲೆಗಳಿಗೆ ಬರಿಗೈ ಆಗಬಹುದು. ಆದ್ದರಿಂದ 58 ಅನ್ನುವುದಾದರೂ ಪಾಲಿಸಿ ಈ ತಿಂಗಳೇ.

ಏನು ತೆಗೆದುಕೊಳ್ಳಬೇಕು: ಇಬ್ಬರಿಗೂ ಸೇರಿ 10 ಲಕ್ಷದ ಮೂಲ ಪಾಲಿಸಿ, ಅದರ ಮೇಲೆ 10 ಲಕ್ಷ ಡಿಡಕ್ಟಿಬಲ್ (ಬಿಲ್ ಅಷ್ಟು ದಾಟಿದ ಮೇಲಷ್ಟೇ ಕೊಡುವ ಮಿತಿ) ಇರುವ ಸೂಪರ್ ಟಾಪ್-ಅಪ್. ಬರೀ ಟಾಪ್-ಅಪ್ ಬೇಡ. ಅದು ಒಂದೊಂದು ಬಿಲ್ಲನ್ನೂ ಬೇರೆ ಬೇರೆ ನೋಡುತ್ತದೆ. ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನು ಕೂಡಿಸುತ್ತದೆ. 7 ಲಕ್ಷದ ಎರಡು ಬಿಲ್ ಬಂದರೆ ವ್ಯತ್ಯಾಸ ಗೊತ್ತಾಗುತ್ತದೆ.

ರೂಮ್ ಬಾಡಿಗೆ ಮಿತಿ ಇರುವ ಪಾಲಿಸಿ ಮುಟ್ಟಬೇಡಿ. ಮಿತಿ ದಿನಕ್ಕೆ 5,000 ಇದ್ದು ನೀವು 10,000ದ ರೂಮಿನಲ್ಲಿ ಮಲಗಿದರೆ ಕಡಿತ ಬಾಡಿಗೆಗೆ ಮಾತ್ರ ಅಲ್ಲ. ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಶುಲ್ಕವೂ ಅದೇ ಅನುಪಾತದಲ್ಲಿ ಅರ್ಧವಾಗುತ್ತದೆ. ಕ್ಲೇಮ್ ಜಗಳಗಳಲ್ಲಿ ಈ ಕಾರಣ ಮತ್ತೆ ಮತ್ತೆ ಕಾಣಿಸುತ್ತದೆ. ಅರ್ಜಿಯಲ್ಲಿ ನುಂಗುತ್ತಿರುವ ಪ್ರತಿ ಮಾತ್ರೆಯನ್ನೂ ಬರೆಯಿರಿ. ಏಜೆಂಟ್ "ಬಿಪಿ ಎಲ್ಲ ಯಾಕೆ ಬರೀತೀರ" ಅಂದರೆ ಏಜೆಂಟನ್ನು ಬದಲಿಸಿ. 60 ತಿಂಗಳು ಸತತವಾಗಿ ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾಗದ ಹೊರತು, "ಮುಚ್ಚಿಟ್ಟಿದ್ದಿರಿ" ಎಂದು ಕ್ಲೇಮ್ ತಳ್ಳಿಹಾಕುವಂತಿಲ್ಲ.

ವೈಯಕ್ತಿಕ ಆರೋಗ್ಯ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. 70 ದಾಟಿದವರಿಗೆ ಆದಾಯ ನೋಡದೆ ಆಯುಷ್ಮಾನ್ ಭಾರತ್‌ನಲ್ಲಿ ವರ್ಷಕ್ಕೆ 5 ಲಕ್ಷದ ರಕ್ಷಣೆ ಇದೆ, ಆದರೆ ನಿಮಗೆ ಬೇಕಾದ ಆಸ್ಪತ್ರೆ ಆ ಪಟ್ಟಿಯಲ್ಲಿ ಇರಬೇಕು. ಅದನ್ನೇ ನಂಬಿ ಸ್ವಂತದ್ದನ್ನು ನಿಲ್ಲಿಸಬೇಡಿ.

"ಗ್ಯಾರಂಟಿ" ಪ್ಲಾನ್ ಬಗ್ಗೆ: 60 ಲಕ್ಷಕ್ಕೆ ವರ್ಷಕ್ಕೆ 4.8 ಲಕ್ಷ, ಹಾಗಾಗಿ ಶೇ. 8 ಅಂತ ಹೇಳಿರುತ್ತಾರೆ. ಅಲ್ಲ. ಮೊದಲ ಕಂತು ಕಟ್ಟಿದ ಏಳು ವರ್ಷಕ್ಕೆ ಮೊದಲ ಆದಾಯ ಬರುತ್ತದೆ ಎಂದುಕೊಂಡು ಎಲ್ಲ ಹಣದ ಹರಿವನ್ನು ಎಕ್ಸೆಲ್‌ನ ಐಆರ್‌ಆರ್‌ಗೆ (ನಿಜವಾದ ವಾರ್ಷಿಕ ಗಳಿಕೆ ಲೆಕ್ಕಿಸುವ ಫಾರ್ಮುಲಾ, IRR) ಹಾಕಿ: ಸುಮಾರು ಶೇ. 6 ಬರುತ್ತದೆ. ಸಾಲದ್ದಕ್ಕೆ, 2023ರ ಏಪ್ರಿಲ್ 1ರ ನಂತರದ ಪಾಲಿಸಿಗಳಲ್ಲಿ ವರ್ಷದ ಪ್ರೀಮಿಯಂ 5 ಲಕ್ಷ ದಾಟಿದರೆ ಬರುವ ಲಾಭಕ್ಕೆ ತೆರಿಗೆ. ನಿಮ್ಮದು 10 ಲಕ್ಷ. ಬೆಲೆ ಶೇ. 6ರಂತೆ ಏರಿದರೆ 12 ವರ್ಷಕ್ಕೆ ಆ 40 ಸಾವಿರಕ್ಕೆ ಇಂದಿನ 20 ಸಾವಿರದ ಬೆಲೆ. ಈಗಾಗಲೇ ಸಹಿ ಹಾಕಿದ್ದರೆ ಪಾಲಿಸಿ ಕೈಸೇರಿದ 30 ದಿನದೊಳಗೆ ಹಿಂದಿರುಗಿಸಬಹುದು. ಬಾಯಿಮಾತು ಸಾಲದು, ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಉತ್ತರಹಳ್ಳಿ ಮೂರನೇ ಮಹಡಿ

ತುಂಬಾ ಥ್ಯಾಂಕ್ಸ್. ಪ್ಲಾನ್ ಬೇಡ ಅಂತ ಹೇಳಿದೆ, ಪಾಲಿಸಿ ವಿಚಾರಿಸ್ತಾ ಇದ್ದೀನಿ. 58 ಅಂತಲೇ ಇಟ್ಟುಕೊಂಡರೆ ಆ 302 ಲಕ್ಷವನ್ನ ಎಲ್ಲೆಲ್ಲಿ ಇಡೋದು, ಯಾವುದರಿಂದ ಮೊದಲು ತೆಗೆಯೋದು? ಷೇರು ಬಿದ್ದರೆ ಏನು ಗತಿ ಅನ್ನೋದೇ ಭಯ.

ಲೆಕ್ಕದ ಚೀಟಿ

ಭಯ ಸರಿಯಾದ ಜಾಗದಲ್ಲೇ ಇದೆ. ಸಂಬಳ ಇರುವಾಗ ಮಾರುಕಟ್ಟೆ ಬಿದ್ದರೆ ಕಾಯಬಹುದು. ಸಂಬಳ ನಿಂತ ಮೇಲೆ ಬಿದ್ದರೆ, ಬಿದ್ದ ಬೆಲೆಗೇ ಮಾರಿ ಅಕ್ಕಿ ತರಬೇಕು. 1 ಕೋಟಿ ಇದೆ, ಪ್ರತಿ ವರ್ಷದ ಆರಂಭದಲ್ಲಿ 6 ಲಕ್ಷ ತೆಗೆಯುತ್ತೀರಿ ಎನ್ನೋಣ. ಮಾರುಕಟ್ಟೆ ಮೊದಲ ವರ್ಷ ಶೇ. 30 ಬಿದ್ದು, ಮುಂದಿನ ಎರಡು ವರ್ಷ ಶೇ. 15ರಂತೆ ಏರಿದರೆ ಕೊನೆಗೆ 72.2 ಲಕ್ಷ. ಅದೇ ಮೂರು ಅಂಕಿ ತಿರುಗುಮುರುಗಾಗಿ, ಮೊದಲು ಏರಿ ಕೊನೆಗೆ ಬಿದ್ದರೆ 78 ಲಕ್ಷ. ಏನೂ ತೆಗೆಯದಿದ್ದರೆ ಎರಡೂ ದಾರಿಯಲ್ಲಿ 92.6. ಮೂರೇ ವರ್ಷದಲ್ಲಿ, ಬರೀ ಕ್ರಮ ಬದಲಾದದ್ದಕ್ಕೆ ಒಂದು ವರ್ಷದ ಊಟ ಹೋಯಿತು. ಸೆನ್ಸೆಕ್ಸ್ 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿ 2009ರ ಮಾರ್ಚ್‌ನಲ್ಲಿ 8 ಸಾವಿರದ ಆಸುಪಾಸಿಗೆ ಇಳಿದಿತ್ತು. ಮತ್ತೆ 21 ಸಾವಿರ ಮುಟ್ಟಿದ್ದು 2010ರ ನವೆಂಬರಿನಲ್ಲಿ, ಅಲ್ಲಿಂದ ಹಿಂದೆ ಜಾರದೆ ಮೇಲೆ ಹೋದದ್ದು 2014ರಲ್ಲಿ. ಹಾಗಾಗಿ ಈಕ್ವಿಟಿಯನ್ನು ಆರೇಳು ವರ್ಷ ಮುಟ್ಟದೆ ಬದುಕುವ ಏರ್ಪಾಡು ಬೇಕು.

ಇಪಿಎಫ್ ಮತ್ತು ಗ್ರಾಚ್ಯುಟಿಯಿಂದ ಬರುವ ಸುಮಾರು 115 ಲಕ್ಷವನ್ನು ಹೀಗೆ ಹಂಚಿ (ದರಗಳು ಈಗಿನವು, ಮುಂದೆ ಬದಲಾಗುತ್ತವೆ):

ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 30 ಲಕ್ಷ, ಅದೇ ಗರಿಷ್ಠ ಮಿತಿ. ಶೇ. 8.2, ಮೂರು ತಿಂಗಳಿಗೊಮ್ಮೆ 61,500. ಸಾಮಾನ್ಯವಾಗಿ 60 ಆಗಿರಬೇಕು, ಆದರೆ 55 ದಾಟಿ ನಿವೃತ್ತರಾದವರು ನಿವೃತ್ತಿ ಹಣ ಕೈಸೇರಿದ 3 ತಿಂಗಳೊಳಗೆ ತೆರೆಯಬಹುದು. ಅದಕ್ಕೆ ಕಂಪನಿಯ ಪತ್ರ ಬೇಕು: ನಿವೃತ್ತಿಯ ವಿವರ, ಕೊಟ್ಟ ಮೊತ್ತ, ಹುದ್ದೆ, ಸೇವಾ ಅವಧಿ. ಕೆಲಸ ಬಿಟ್ಟ ಮೇಲೆ ಎಚ್‌ಆರ್ ಹಿಂದೆ ಅಲೆಯುವುದಕ್ಕಿಂತ ಕೊನೆಯ ವಾರದಲ್ಲೇ ಬರೆಸಿಕೊಳ್ಳಿ. ಮನೆಯವರನ್ನು ಜಂಟಿಯಾಗಿ ಸೇರಿಸಿ, ಅವರ ವಯಸ್ಸು ಅಡ್ಡಿಯಲ್ಲ.

ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ, ಜಂಟಿಯಾಗಿ 15 ಲಕ್ಷ. ಶೇ. 7.4, ತಿಂಗಳಿಗೆ 9,250.

ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ ಬಾಂಡ್ 40 ಲಕ್ಷ. ಎನ್‌ಎಸ್‌ಸಿ (ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರ) ದರಕ್ಕಿಂತ ಶೇ. 0.35 ಹೆಚ್ಚು, ಈಗ 8.05. ಜನವರಿ 1, ಜುಲೈ 1ಕ್ಕೆ ಬಡ್ಡಿ, ವರ್ಷಕ್ಕೆ 3.22 ಲಕ್ಷ. 7 ವರ್ಷ ಬೀಗ, ಅದಕ್ಕೇ ಇದಕ್ಕಿಂತ ಹೆಚ್ಚು ಹಾಕಬೇಡಿ.

ಉಳಿದ 30 ಲಕ್ಷ ಎಫ್‌ಡಿಯಲ್ಲಿ, ಆರಾರು ತಿಂಗಳಿಗೆ ಒಂದು ಮುಗಿಯುವ ಹಾಗೆ.

ಎಫ್‌ಡಿ ಬಿಟ್ಟು ಮೊದಲ ಮೂರರಿಂದ ವರ್ಷಕ್ಕೆ 6.79 ಲಕ್ಷ ತಾನಾಗಿ ಬರುತ್ತದೆ. ಬೇಕಾದದ್ದು 14.3. ಕೊರತೆ 7.5 ಲಕ್ಷ, ಬಡ್ಡಿ ಏರದೆ ಖರ್ಚು ಏರುವುದರಿಂದ ಐದನೇ ವರ್ಷಕ್ಕೆ ಅದು 11 ಲಕ್ಷ ದಾಟುತ್ತದೆ. ಇದನ್ನು 30 ಲಕ್ಷದ ಎಫ್‌ಡಿ, ಆಗ 40 ಲಕ್ಷವಾಗಿರುವ ಪಿಪಿಎಫ್ ಸೇರಿ ಸುಮಾರು 7 ವರ್ಷ ತುಂಬುತ್ತವೆ. ಪಿಪಿಎಫ್ ಅನ್ನು ಹಣ ಕಟ್ಟದೆ ಮುಂದುವರಿಸಿದರೆ ಆರ್ಥಿಕ ವರ್ಷಕ್ಕೆ ಒಂದು ಬಾರಿ, ಎಷ್ಟು ಬೇಕಾದರೂ ತೆಗೆಯಬಹುದು, ಶೇ. 7.1 ತೆರಿಗೆಯಿಲ್ಲದೆ ಬೆಳೆಯುತ್ತಲೂ ಇರುತ್ತದೆ. ಆದ್ದರಿಂದ ಮೊದಲು ಎಫ್‌ಡಿ, ಆಮೇಲೆ ಪಿಪಿಎಫ್.

147 ಲಕ್ಷ ಈಕ್ವಿಟಿಯಲ್ಲಿ. ಪ್ರತಿ ಏಪ್ರಿಲ್‌ನಲ್ಲಿ ಒಂದೇ ದಿನ ನೋಡಿ: ಒಟ್ಟು ಗಂಟಿನ ಶೇ. 55 ದಾಟಿದ್ದರೆ 50ಕ್ಕೆ ಇಳಿಯುವಷ್ಟು ಮಾರಿ ಎಫ್‌ಡಿ ತುಂಬಿಸಿ. ಬಿದ್ದಿದ್ದರೆ ಮುಟ್ಟಬೇಡಿ, ಆ ವರ್ಷ ಖರ್ಚನ್ನೂ ಹೆಚ್ಚಿಸಬೇಡಿ. ಒಳ್ಳೆಯ ಕಾಲದಲ್ಲಿ ತುಂಬಿಸದೆ ಬಿಡುವುದೇ ಈ ಪದ್ಧತಿ ಕೆಡುವ ದಾರಿ. ಏರುತ್ತಿರುವಾಗ ಮಾರಲು ಯಾರಿಗೂ ಮನಸ್ಸು ಬರುವುದಿಲ್ಲ.

ತೆರಿಗೆ: ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಬಡ್ಡಿಗೆ ಏನೂ ಬೀಳದು. ಈಕ್ವಿಟಿ ಲಾಭಕ್ಕೆ ಆ ರಿಯಾಯಿತಿ ಅನ್ವಯಿಸದು: ಒಂದು ವರ್ಷ ದಾಟಿದ ಫಂಡಿನಲ್ಲಿ ವರ್ಷಕ್ಕೆ 1.25 ಲಕ್ಷ ಬಿಟ್ಟು ಮೇಲಿನದಕ್ಕೆ ಶೇ. 12.5. ಇಪಿಎಫ್ ಅನ್ನು ಕೆಲಸ ಬಿಟ್ಟ ಮೇಲೂ ಅಲ್ಲೇ ಬಿಟ್ಟರೆ, ಬಿಟ್ಟ ದಿನದಿಂದ ಬರುವ ಬಡ್ಡಿಗೆ ತೆರಿಗೆ ಇದೆ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲೇ ಹಾಗೆ ಹೇಳಿದೆ.

ನಿಧಾನಗತಿ

ಎಫ್‌ಡಿ ಅಂದ ಕೂಡಲೇ ಅರ್ಧ ಪರ್ಸೆಂಟ್, ಒಂದು ಪರ್ಸೆಂಟ್ ಜಾಸ್ತಿ ಅಂತ ಸಣ್ಣ ಸಹಕಾರಿ ಬ್ಯಾಂಕಿಗೆ ಓಡಬೇಡಿ. 2020ರ ಜನವರಿಯಲ್ಲಿ ನಮ್ಮ ಬಸವನಗುಡಿಯ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಠೇವಣಿದಾರರಿಗೆ ಮೊದಲು ಸಿಕ್ಕಿದ್ದು ತಲಾ 35,000 ಮಾತ್ರ. ಅಲ್ಲಿದ್ದವರಲ್ಲಿ ಬಹಳಷ್ಟು ಜನ ನಿವೃತ್ತರೇ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು ಬಡ್ಡಿ ಸೇರಿ, 5 ಲಕ್ಷ. ಅದೇ ಬ್ಯಾಂಕಿನ ಬೇರೆ ಶಾಖೆಯಲ್ಲಿ ಇಟ್ಟರೂ ಒಂದೇ ಲೆಕ್ಕ. ಕ್ರೆಡಿಟ್ ಸೊಸೈಟಿಗೆ ಆ ವಿಮೆಯೂ ಇಲ್ಲ.

ಪಾಲಿಸಿ ಓದಿ ಸಹಿ

ಒಂದೇ ಸೇರ್ಪಡೆ. ಇಷ್ಟೆಲ್ಲ ಏರ್ಪಾಡು ನಿಮ್ಮ ತಲೆಯಲ್ಲಿ ಮಾತ್ರ ಇದ್ದರೆ ಮೇಡಂಗೆ ಉಪಯೋಗವಿಲ್ಲ. ಜಂಟಿಯಾಗಿಡಲು ಬರುವ ಎಲ್ಲ ಖಾತೆಯೂ "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಎಂಬ ರೀತಿಯಲ್ಲಿರಲಿ. ನಾಮಿನಿ ಅಂದರೆ ಹಣ ಪಡೆದುಕೊಳ್ಳುವವರು, ವಾರಸುದಾರರೇ ಅಂತಲ್ಲ. ಆದ್ದರಿಂದ ಉಯಿಲು ಬೇರೆ ಬರೆಯಿರಿ: ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಕಡ್ಡಾಯವಲ್ಲ. ಸಾಕ್ಷಿಯಾಗಿ ಮಗಳನ್ನಾಗಲಿ ಮನೆಯವರನ್ನಾಗಲಿ ಹಾಕಬೇಡಿ. ಮ್ಯೂಚುವಲ್ ಫಂಡಿನಲ್ಲಿರುವ ಮೊಬೈಲ್ ನಂಬರ್ ಕಂಪನಿಯದಾಗಿದ್ದರೆ ಸಿಮ್ ಹಿಂದಿರುಗಿಸುವ ಮುಂಚೆ ಬದಲಿಸಿ. ಇಪಿಎಫ್ ಖಾತೆಯಲ್ಲೂ ಅದೇ ನಂಬರಾ ಅಂತ ನೋಡಿ, ಒಟಿಪಿ ಅಲ್ಲಿಗೇ ಹೋಗುತ್ತದೆ.